ಲೆನರ್ಡ್‌ಗೆ ತನ್ನ ಮರೆವು ನೆನಪಿದ್ದಿದ್ದು ಹೇಗೆ?

ಹೋದ ವಾರ ತಂಗಿ ಜೊತೆ ಕೂತು ಮೆಮೆಂಟೋ ಇನ್ನೊಂದ್ಸಲ ನೋಡ್ತಿದ್ದೆ. ಅವಳಿಗೆ ಮೊದಲನೇ ಸಲ, ನನಗೆ ಎಷ್ಟನೇದು ಅಂತ ಲೆಕ್ಕ ಇಟ್ಟಿಲ್ಲ. ಹೆಂಡತಿನ ಕೊಂದೋನನ್ನ ಹುಡುಕ್ತಾ ಅಲೆಯೋ ಲೆನರ್ಡ್ ಅನ್ನೋನ ಕಥೆ ಇದು, ಆ ದಾಳಿಯಲ್ಲೇ ಅವನ ತಲೆಗೂ ಏಟು ಬಿದ್ದಿದೆ. ಮೋಟೆಲ್ ಕೌಂಟರ್ ಹತ್ರ ನಿಂತು ಲೆನರ್ಡ್ ತನಗಿರೋ ತೊಂದರೆ ಏನು ಅಂತ ಬರ್ಟ್‌ಗೆ ವಿವರಿಸ್ತಾನಲ್ಲ, ಬರ್ಟ್ ಅದನ್ನ ಆಗ್ಲೇ ಕೇಳಿಸ್ಕೊಂಡಿದೀನಿ ಅನ್ನೋ ಥರ ನೋಡ್ತಾನಲ್ಲ, ಅಲ್ಲಿಗೆ ಬಂದಿತ್ತು. ತಂಗಿ ರಿಮೋಟ್ ತಗೊಂಡು ನಿಲ್ಲಿಸಿದ್ಲು. "ಒಂದ್ನಿಮಿಷ ಇರು. ಇವನಿಗೆ ತಲೆಗೆ ಏಟು ಬಿದ್ದ ಮೇಲೆ ನಡೆದಿದ್ದು ಯಾವುದೂ ನೆನಪಿರಲ್ಲ ಅಲ್ವಾ? ಹಾಗಿದ್ರೆ ತನಗೆ ನೆನಪಿರಲ್ಲ ಅನ್ನೋದು ಇವನಿಗೆ ಹೆಂಗೆ ನೆನಪಿದೆ?"

ಈ ಸಿನಿಮಾ ಬಂದಿದ್ದು 2000ದಲ್ಲಿ, ಆವತ್ತಿಂದ ನೋಡಿದವರೆಲ್ಲ ಒಂದಲ್ಲ ಒಂದು ಸಲ ಕೇಳಿರೋ ಪ್ರಶ್ನೆನೇ ಇದು. ನನ್ನ ಹತ್ರ ಉತ್ತರಾನೂ ರೆಡಿ ಇತ್ತು. ಅವನ ಕೈ ಮೇಲೆ ಸ್ಯಾಮಿ ಜಾಂಕಿಸ್‌ನ ಮರೀಬೇಡ ಅಂತ ಹಚ್ಚೆ ಇದೆ ನೋಡು, ಏಟು ಬೀಳೋಕೆ ಮುಂಚೆ ಇವನು ತನಿಖೆ ಮಾಡಿದ್ದ ಮರೆವಿನ ರೋಗಿ ಆ ಸ್ಯಾಮಿ, ಅದನ್ನ ನೋಡಿದಾಗೆಲ್ಲ ಗೊತ್ತಾಗುತ್ತೆ ಅಂದೆ. ಅವಳು ಸುಮ್ಮನಾಗ್ಲಿಲ್ಲ. "ಸ್ಯಾಮಿಗೆ ಮರೆವಿತ್ತು ಅನ್ನೋದು ಹಳೇ ನೆನಪು ಸರಿ. ಆದ್ರೆ ಸ್ಯಾಮಿಗೆ ಆಗಿದ್ದೇ ನನಗೂ ಆಗಿದೆ ಅನ್ನೋದು ಹೊಸ ವಿಷಯ ತಾನೇ, ಅದನ್ನ ಎಲ್ಲಿ ಬರ್ಕೊಂಡಿದಾನೆ?" ಅಂದ್ಲು. ನಂಗೆ ಉತ್ತರ ಹೊಳೀಲಿಲ್ಲ. ಸಿನಿಮಾ ಮುಗಿದು, ಅವಳು ಮಲಗಿ, ನಾನು ಎರಡು ಗಂಟೆವರೆಗೆ ಎದ್ದೇ ಇದ್ದೆ. ಮಾರನೇ ದಿನಾನೂ ಅದೇ ತಲೇಲಿ ಓಡ್ತಿತ್ತು. ಅದಕ್ಕೇ ಬರೀತಿದೀನಿ. ಇನ್ನೂ ನೋಡಿಲ್ದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಸಿನಿಮಾ ನೋಡ್ಕೊಂಡು ಬನ್ನಿ, ಮುಂದೆ ಎಲ್ಲಾ ಬಿಚ್ಚಿಟ್ಟಿದೀನಿ.

ಗೊತ್ತಿರೋದು ಬೇರೆ, ನೆನಪಿರೋದು ಬೇರೆ

ನಾವು ನೆನಪು ಅನ್ನೋದನ್ನ ಒಂದೇ ಡಬ್ಬಿ ಅಂದ್ಕೊಂಡಿದೀವಿ. ಡಬ್ಬಿ ಒಡೆದ್ರೆ ಒಳಗಿದ್ದಿದ್ದೆಲ್ಲ ಚೆಲ್ಲೋಗುತ್ತೆ ಅಂತ. ಹೆನ್ರಿ ಮೊಲೈಸನ್ ಕಥೆ ಓದಿದ ಮೇಲೆ ನಂಗೆ ಆ ನಂಬಿಕೆ ಹೋಯ್ತು. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, 27 ವರ್ಷದ ಈ ಹುಡುಗನ ಫಿಟ್ಸ್ ನಿಲ್ಲಿಸ್ಬೇಕು ಅಂತ ವಿಲಿಯಂ ಸ್ಕೋವಿಲ್ ಅನ್ನೋ ಸರ್ಜನ್ ಮೆದುಳಿನ ಎರಡೂ ಕಡೆಯಿಂದ, ಹೊಸ ನೆನಪು ಕಟ್ಟೋಕೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದ ದೊಡ್ಡ ಪಾಲು ತೆಗೆದುಬಿಟ್ರು. ಫಿಟ್ಸ್ ಕಡಿಮೆ ಆಯ್ತು, ಹೊಸ ನೆನಪು ಹುಟ್ಟೋದೇ ನಿಂತೋಯ್ತು. ಅಲ್ಲಿಂದ 2008ರಲ್ಲಿ ತೀರಿಕೊಳ್ಳೋವರೆಗೆ 55 ವರ್ಷ ಅವರು ಹಾಗೇ ಬದುಕಿದ್ರು, ಅಷ್ಟೂ ಕಾಲ ಪುಸ್ತಕಗಳಲ್ಲಿ ಅವರ ಹೆಸರು ಬರೀ ಎಚ್.ಎಂ. ಅಂತ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ರು, ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ನಕ್ಷತ್ರದ ಚಿತ್ರದ ಗೆರೆ ಮೇಲೆ ಪೆನ್ಸಿಲ್ ಎಳೀಬೇಕು. ಮೊದಲು ಕೈ ಎಲ್ಲೆಲ್ಲೋ ಹೋಗುತ್ತೆ. ಎರಡನೇ ದಿನ, ಮೂರನೇ ದಿನ ಅವರು ಸಲೀಸಾಗಿ ಎಳೆದ್ರು. ಇದನ್ನ ಮುಂಚೆ ಮಾಡಿದ್ದು ಮಾತ್ರ ಅವರಿಗೆ ಗೊತ್ತೇ ಇಲ್ಲ. ಕೈ ಕಲಿತಿತ್ತು, ಕಲಿತಿದ್ದು ಮನುಷ್ಯನಿಗೆ ತಿಳಿದಿರ್ಲಿಲ್ಲ.

ತಂಗಿಯ ಪ್ರಶ್ನೆಗೆ ಬೇಕಾಗಿರೋದು ಇನ್ನೊಂದು ವಿಷಯ. ತನ್ನ ನೆನಪಿನಲ್ಲಿ ಏನೋ ಎಡವಟ್ಟಾಗಿದೆ ಅನ್ನೋದು ಎಚ್.ಎಂ.ಗೆ ಗೊತ್ತಿತ್ತು. ಈಗಷ್ಟೇ ಏನಾದ್ರೂ ತಪ್ಪು ಮಾಡಿಬಿಟ್ನಾ, ತಪ್ಪು ಮಾತಾಡಿಬಿಟ್ನಾ ಅಂತ ಅವರು ಆಗಾಗ ಚಿಂತೆ ಮಾಡ್ತಿದ್ರು, ಕನಸಿಂದ ಎದ್ದ ಹಾಗೆ ಅನ್ಸುತ್ತೆ ಅಂತಿದ್ರು. ಯಾವತ್ತು ಏನಾಯ್ತು ಅಂತ ಹೇಳೋಕೆ ಆಗ್ತಿರ್ಲಿಲ್ಲ, ಆದ್ರೆ ಕಾಲ ಕೆಳಗೆ ನೆಲ ಗಟ್ಟಿ ಇಲ್ಲ ಅನ್ನೋದು ತಿಳೀತಿತ್ತು. ಸಾವಿರ ಸಲ ಹಿಂಗೇ ಏಳ್ತಾ ಏಳ್ತಾ ಆ ಭಾವ ಮೈಗೆ ಹತ್ತಿರುತ್ತೇನೋ. ಲೆನರ್ಡ್ ಕೂಡ ಅಷ್ಟೇ. ಅವನು ಪ್ರತಿ ಸಲ ಎದ್ದಾಗ ಜೇಬಿಗೆ ಕೈ ಹಾಕ್ತಾನೆ, ಪೊಲರಾಯ್ಡ್ ಹುಡುಕ್ತಾನೆ, ಕೈ ಮೇಲಿನ ಅಕ್ಷರ ಉಜ್ಜಿ ನೋಡ್ತಾನೆ. ಅವನು ಯೋಚನೆ ಮಾಡೋಕೆ ಮುಂಚೆ ಕೈ ಅಲ್ಲಿಗೆ ಹೋಗಿರುತ್ತೆ. ಗೈ ಪಿಯರ್ಸ್ ಇದನ್ನ ಎಷ್ಟು ಚೆನ್ನಾಗಿ ಮಾಡಿದಾನೆ ಅಂದ್ರೆ, ಬರೀ ಅವನ ಕೈಗಳನ್ನೇ ನೋಡ್ಕೊಂಡು ಇಡೀ ಸಿನಿಮಾ ಇನ್ನೊಂದ್ಸಲ ನೋಡ್ಬಹುದು. ಹಾಗಾಗಿ ಜನ ಕಥೆಯಲ್ಲಿ ತೂತು ಅಂತ ತೋರಿಸೋ ಇದನ್ನ ನಾನು ತೂತು ಅಂತ ಒಪ್ಪಲ್ಲ. ತಂಗಿಗೂ ಹೇಳಿದೀನಿ, ಅವಳು ಅರ್ಧ ಒಪ್ಪಿದಾಳೆ.

ಫೋನ್ ಬಗ್ಗೆ ಕೇಳೋರೂ ಇದಾರೆ. ಕಪ್ಪು ಬಿಳುಪು ಭಾಗದಲ್ಲಿ ಅಷ್ಟು ಹೊತ್ತು ಫೋನಲ್ಲಿ ಸ್ಯಾಮಿ ಕಥೆ ಹೇಳ್ತಾನಲ್ಲ, ಮಧ್ಯದಲ್ಲಿ ಎಳೆ ತಪ್ಪಲ್ವಾ ಅಂತ. ಎಚ್.ಎಂ.ಗೆ ಒಂದ್ಸಲ 584 ಅನ್ನೋ ಸಂಖ್ಯೆ ಹೇಳಿ ನೆನಪಿಟ್ಕೊಳ್ಳಿ ಅಂದ್ರು, ಅವರು ಮನಸ್ಸಲ್ಲೇ ಅಂಕಿಗಳನ್ನ ಕೂಡಿಸ್ತಾ ಕಳೀತಾ, ಬೇರೆ ಕಡೆ ಗಮನ ಕೊಡದೇ 15 ನಿಮಿಷ ಹಿಡಿದಿಟ್ರು. ಗಮನ ಬೇರೆ ಕಡೆ ಎಳೆದ ಮೇಲೆ ಸಂಖ್ಯೆನೂ ಇಲ್ಲ, ಸಂಖ್ಯೆ ಕೊಟ್ಟಿದ್ದೂ ನೆನಪಿಲ್ಲ. ಫೋನಲ್ಲಿ ಲೆನರ್ಡ್‌ನ ಹಿಡಿದಿಟ್ಟಿರೋದು ಅದೇ. ಜೊತೆಗೆ ಅದು ಹಳೇ ಕಥೆ, ಬಾಯಿಪಾಠ ಆಗಿರೋದು.

ಪೆನ್ನಿಲ್ಲದ ಮನೆ

ಗಮನ ತಪ್ಪಿದ್ರೆ ಎಲ್ಲಾ ಹೋಯ್ತು ಅನ್ನೋದನ್ನ ಈ ಸಿನಿಮಾದಲ್ಲಿ ಚೆನ್ನಾಗಿ ಅರ್ಥ ಮಾಡ್ಕೊಂಡಿರೋದು ನಟಾಲಿ ಒಬ್ಬಳೇ. ಆ ಸೀನ್ ನೆನಪಿದೆ ತಾನೇ? ಮೊದಲು ನಮಗೆ ಕಾಣೋದು ಬಾಗಿಲು ತೆಗೆದು ಒಳಗೆ ಬರೋ ನಟಾಲಿ, ಮುಖಕ್ಕೆ ಪೆಟ್ಟು, ತುಟಿಯಲ್ಲಿ ರಕ್ತ, ಡಾಡ್ ಅನ್ನೋನು ಹೊಡೆದ ಅಂತಾಳೆ. ನಮಗೂ ಲೆನರ್ಡ್‌ಗೂ ಅಯ್ಯೋ ಪಾಪ ಅನ್ಸುತ್ತೆ. ಬಣ್ಣದ ಸೀನ್‌ಗಳು ಹಿಂದು ಮುಂದಾಗಿ ಬರೋ ಸಿನಿಮಾ ಇದು, ಹಾಗಾಗಿ ಆಮೇಲೆ ಅದಕ್ಕಿಂತ ಮುಂಚಿನ ಸೀನ್ ಬರುತ್ತೆ. ಡಾಡ್‌ನ ಕೊಲ್ಲು ಅಂತ ಕೇಳ್ತಾಳೆ, ಇವನು ಆಗಲ್ಲ ಅಂತಾನೆ. ಅವಳು ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಒಂದೊಂದಾಗಿ ಆರಿಸಿ ಬ್ಯಾಗಿಗೆ ಹಾಕ್ಕೊಳ್ತಾಳೆ, ಹಾಕ್ಕೊಂಡು ಅವನ ಮುಖಕ್ಕೇ ಹೇಳ್ತಾಳೆ, ನಿನ್ನನ್ನ ಬಳಸ್ಕೊಳ್ತೀನಿ ಅಂತ. ಸತ್ತ ಹೆಂಡತಿ ಬಗ್ಗೆ ಬಾಯಿಗೆ ಬಂದಂಗೆ ಮಾತಾಡ್ತಾಳೆ. ಅವನು ಹೊಡೀತಾನೆ. ಅವಳು ಹೊರಗೆ ಹೋಗಿ ಕಾರಲ್ಲಿ ಕೂರ್ತಾಳೆ, ಕಿಟಕಿಯಿಂದ ಕಾಣ್ತಾಳೆ, ಸುಮ್ಮನೆ ಕಾಯ್ತಾ. ಒಳಗೆ ಇವನು ಬರ್ಕೋಬೇಕು, ಬರ್ಕೋಬೇಕು ಅಂತ ಮನೆಯೆಲ್ಲ ಪೆನ್ ಹುಡುಕ್ತಾನೆ, ಬಾಯಲ್ಲಿ ಹೇಳ್ಕೊಳ್ತಾ ಇರ್ತಾನೆ. ಅವಳು ಕಾರಿಂದ ಇಳಿದು ಬಾಗಿಲು ಧಡ್ ಅಂತ ಹಾಕ್ತಾಳೆ. ಅಷ್ಟೇ, ಮುಗೀತು.

ಈ ಸೀನ್ ನೋಡುವಾಗೆಲ್ಲ ನಂಗೆ ಹೊಟ್ಟೆಯೊಳಗೆ ಏನೋ ಹಿಂಡಿದಂಗಾಗುತ್ತೆ. ನಟಾಲಿ ಪಾತ್ರಕ್ಕೆ ಲಾಜಿಕ್ ಇಲ್ಲ ಅಂತ ಹೇಳೋರಿದಾರೆ, ಇಷ್ಟು ಕ್ರೂರಿ ಆಗಿರೋಳು ಆಮೇಲೆ ಕಾರ್ ನಂಬರ್ ಹುಡುಕಿಸಿ ಯಾಕೆ ಸಹಾಯ ಮಾಡ್ತಾಳೆ ಅಂತ. ಅವಳ ಜಾಗದಲ್ಲಿ ನಿಂತು ನೋಡಿ. ಅವಳ ಪ್ರೇಮಿ ಜಿಮ್ಮಿ, ಲೆನರ್ಡ್ ಜೊತೆ ಸುತ್ತಾಡೋ ಪೊಲೀಸ್ ಟೆಡ್ಡಿನ ನೋಡೋಕೆ ಹೋದೋನು, ವಾಪಸ್ ಬಂದಿಲ್ಲ. ಬಂದಿರೋದು ಜಿಮ್ಮಿಯ ಕಾರಲ್ಲಿ, ಜಿಮ್ಮಿಯ ಸೂಟ್ ಹಾಕ್ಕೊಂಡಿರೋ ಇವನು. ಇವನ ಹತ್ರ ಉತ್ತರ ಇಲ್ಲ, ಇವನನ್ನ ಎಷ್ಟು ಕೇಳಿದ್ರೂ ಪ್ರಯೋಜನ ಇಲ್ಲ. ಕೊನೆಗೆ ಅವಳು ಕೊಟ್ಟ ಕಾಗದದಲ್ಲಿರೋ ಹೆಸರು ಟೆಡ್ಡಿಯದ್ದೇ. ಅವಳು ಸಹಾಯಾನೂ ಮಾಡಿದ್ಲು, ಸೇಡೂ ತೀರಿಸ್ಕೊಂಡ್ಲು, ಎರಡಕ್ಕೂ ಅದೇ ಒಂದು ಕಾಗದ.

ಅಜ್ಜಿಯ ಕುರ್ಚಿ

ಈಗ ನನ್ನದೊಂದು ಹೇಳ್ಬೇಕು, ಇಲ್ದೇ ಹೋದ್ರೆ ಮುಂದಿನ ಮಾತಿಗೆ ಬುಡ ಇರಲ್ಲ.

ಮೆಮೆಂಟೋ ನಾನು ಮೊದಲು ನೋಡಿದ್ದು ಕಾಲೇಜಿಗೆ ಹೋಗ್ತಿದ್ದಾಗ. ಅಜ್ಜ ತೀರ್ಕೊಂಡು ಎಂಟು ತಿಂಗಳಾಗಿತ್ತು. ಅಜ್ಜಿಗೆ ಅಜ್ಜ ಇದ್ದಾಗ್ಲೇ ಮರೆವು ಶುರುವಾಗಿತ್ತು, ಆಮೇಲೆ ಬೇಗ ಬೇಗ ಜಾಸ್ತಿ ಆಯ್ತು. ಮದುವೆ ಆದ ಹೊಸದ್ರಲ್ಲಿ ನಡೆದಿದ್ದೆಲ್ಲ ಕಣ್ಣಿಗೆ ಕಟ್ಟಿದಂಗೆ ಹೇಳೋರು, ಈಗ ತಾನೇ ಯಾರು ಬಂದು ಹೋದ್ರು ಅಂದ್ರೆ ಗೊತ್ತಿರ್ತಿರ್ಲಿಲ್ಲ. ಸಂಜೆ ಆಯ್ತು ಅಂದ್ರೆ ಕಿಟಕಿ ಹತ್ರ ಇದ್ದ ಕುರ್ಚಿಯಲ್ಲಿ ಕೂತ್ಕೊಂಡು, "ಅವರಿನ್ನೂ ಬರ್ಲಿಲ್ವಲ್ಲೇ ಪುಟ್ಟಿ, ಎಲ್ಲಿಗೆ ಹೋದ್ರು?" ಅನ್ನೋರು. ಮೊದಮೊದಲು ಮನೆಯಲ್ಲಿ ಎಲ್ಲರೂ ನಿಜಾನೇ ಹೇಳ್ತಿದ್ವಿ. ಅಜ್ಜ ಇಲ್ಲ ಅಜ್ಜಿ, ಹೋಗಿ ಇಷ್ಟು ತಿಂಗಳಾಯ್ತು ಅಂತ. ಅವರ ಮುಖ ನೋಡೋಕಾಗ್ತಿರ್ಲಿಲ್ಲ. ಆಗಷ್ಟೇ ಸುದ್ದಿ ಬಂದಂಗೆ. ನಮಗೆ ಎಂಟು ತಿಂಗಳ ಹಳೇ ದುಃಖ, ಅವರಿಗೆ ಎಂಟು ನಿಮಿಷದ್ದೂ ಅಲ್ಲ. ಅತ್ತು ಅತ್ತು ಸುಸ್ತಾಗಿ, ಯಾಕೆ ಅಳ್ತಿದೀನಿ ಅಂತ ಮರೆತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ.

ನಾನು ಸಿನಿಮಾ ನೋಡ್ಕೊಂಡು ಬಂದಿದ್ನಲ್ಲ, ನಂಗೆ ದಾರಿ ಸಿಕ್ತು ಅನ್ನಿಸ್ತು. ಬಾಯಲ್ಲಿ ಹೇಳಿದ್ರೆ ತಾನೇ ಮರೆಯೋದು, ಕಣ್ಣೆದುರಿಗೇ ಬರೆದಿಟ್ರೆ? ಒಂದು ದೊಡ್ಡ ಹಾಳೆ ತಗೊಂಡು ದಪ್ಪ ಅಕ್ಷರದಲ್ಲಿ, ಅಜ್ಜ ತೀರಿಕೊಂಡು ಎಂಟು ತಿಂಗಳಾಯ್ತು, ನೀವು ಕೊನೇವರೆಗೂ ಜೊತೇಲೇ ಇದ್ರಿ, ಅವರು ನೋವಿಲ್ಲದೇ ಹೋದ್ರು ಅಂತ ಬರೆದು, ಕುರ್ಚಿಯಲ್ಲಿ ಕೂತ್ರೆ ಎದುರಿಗೆ ಕಾಣೋ ಗೋಡೆಗೆ ಅಂಟಿಸ್ದೆ. ಪ್ರತಿ ಪದಾನೂ ನಿಜ. ಮೂರನೇ ಸಾಲು ಬರೆಯುವಾಗ ಅವರಿಗೆ ಸಮಾಧಾನ ಆಗುತ್ತೆ ಅಂತ ನಂಗೆ ಖಾತ್ರಿ ಇತ್ತು. ಮೊದಲನೇ ದಿನಾನೇ ಅಜ್ಜಿ ಅದನ್ನ ನಾಲ್ಕು ಸಲ ಓದಿದ್ರು, ಪ್ರತಿ ಸಲಾನೂ ಬೆರಳಿಟ್ಟು, ಪದ ಪದ ಬಿಡಿಸಿ, ಗಟ್ಟಿಯಾಗಿ. ನಾಲ್ಕೂ ಸಲ ಮೊದಲನೇ ಸಾಲಿಗೇ ಧ್ವನಿ ನಿಂತೋಯ್ತು. ನಾನು ಬರೆದ ಮೂರನೇ ಸಾಲಿನವರೆಗೆ ಅವರು ಒಂದ್ಸಲಾನೂ ಬರ್ಲಿಲ್ಲ. ಬಾಯಲ್ಲಿ ಹೇಳೋರು ಕೈ ಆದ್ರೂ ಹಿಡ್ಕೊಳ್ತಿದ್ರು, ಗೋಡೆಗೆ ಕೈ ಇಲ್ಲ.

ನಾಲ್ಕೈದು ದಿನ ಆದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅಜ್ಜಿ ಆ ಕುರ್ಚಿಯಲ್ಲಿ ಕೂರೋದು ಬಿಟ್ಟಿದ್ರು. ವರ್ಷಾನುಗಟ್ಟಲೆ ಅವರು ಕೂತ್ಕೊಂಡಿದ್ದ ಕುರ್ಚಿ ಅದು. ದೊಡ್ಡಮ್ಮ ಕೈ ಹಿಡಿದು ಕೂರಿಸೋಕೆ ಹೋದ್ರೆ, "ಅಲ್ಲಿ ಬೇಡ ಕಣೇ, ಅಲ್ಲಿ ಸರಿ ಇಲ್ಲ" ಅನ್ನೋರು. ಯಾಕಮ್ಮಾ ಅಂದ್ರೆ ಅವರಿಗೇ ಗೊತ್ತಿಲ್ಲ, ಗಾಳಿ ಬರುತ್ತೆ ಅಂತ ಏನೋ ಒಂದು ಹೇಳೋರು. ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದ್ರೆ ಹಾಳೆ ಗೋಡೆ ಮೇಲಿರ್ಲಿಲ್ಲ. ಯಾರು ತೆಗೆದ್ರು ಅಂತ ನಾನೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಅವತ್ತಿಂದ ಅಜ್ಜಿ ಕೇಳಿದಾಗೆಲ್ಲ ದೊಡ್ಡಮ್ಮ, "ಹೊರಗೆ ಹೋಗಿದಾರಮ್ಮ, ಬರ್ತಾರೆ" ಅನ್ನೋಕೆ ಶುರು ಮಾಡಿದ್ರು. ಹಾಳೆ ಹೋದ ಮೇಲೂ ಅಜ್ಜಿ ಮಾತ್ರ ಆ ಕುರ್ಚಿಗೆ ವಾಪಸ್ ಬರ್ಲಿಲ್ಲ.

ಸ್ಯಾಮಿಗೆ ಶಾಕ್ ಹೊಡೆದಾಗ

ಎಷ್ಟೋ ವರ್ಷ ಆದ ಮೇಲೆ ಎಡ್ವರ್ಡ್ ಕ್ಲಾಪರೆಡ್ ಬಗ್ಗೆ ಓದಿದೆ. ಜಿನೀವಾದ ಈ ಮನಃಶಾಸ್ತ್ರಜ್ಞ 1911ರಲ್ಲಿ ಬರೆದಿರೋ ಪ್ರಸಂಗ ಇದು. ಅವರ ಹತ್ರ ಒಬ್ಬ ರೋಗಿ ಇದ್ರು, ದಿನಾ ನೋಡಿದ್ರೂ ಡಾಕ್ಟರ್ ಯಾರು ಅಂತ ಆಕೆಗೆ ಗೊತ್ತಾಗ್ತಿರ್ಲಿಲ್ಲ, ಪ್ರತಿ ಸಲ ಹೊಸದಾಗಿ ಪರಿಚಯ. ಒಂದಿನ ಕ್ಲಾಪರೆಡ್ ಬೆರಳ ಸಂದಿಯಲ್ಲಿ ಪಿನ್ ಇಟ್ಕೊಂಡು ಕೈ ಕುಲುಕಿದ್ರು. ಚುಚ್ಚಿತು. ಸ್ವಲ್ಪ ಹೊತ್ತಿಗೆ ಆಕೆ ಅದನ್ನ ಮರೆತ್ರು. ಆದ್ರೆ ಮತ್ತೆ ಅವರು ಕೈ ಚಾಚಿದಾಗ ಆಕೆ ಕೈ ಹಿಂದಕ್ಕೆಳ್ಕೊಂಡ್ರು, ಯಾಕೆ ಅಂತ ಆಕೆಗೂ ಗೊತ್ತಿಲ್ಲ. ಓದ್ತಾ ಓದ್ತಾ ನನಗೆ ಕಣ್ಣೆದುರು ಬಂದಿದ್ದು ಆ ಕಿಟಕಿ, ಆ ಕುರ್ಚಿ. ನಾನು ಬರೆದ ಹಾಳೆ ಅಜ್ಜಿಗೆ ಪಿನ್ ಆಗಿತ್ತು.

ಇದನ್ನ ಇಟ್ಕೊಂಡು ಸ್ಯಾಮಿ ಪರೀಕ್ಷೆ ನೋಡಿ. ಟೇಬಲ್ ಮೇಲೆ ಕೆಲವು ವಸ್ತು, ಕೆಲವಕ್ಕೆ ಕರೆಂಟ್ ಕೊಟ್ಟಿರ್ತಾರೆ, ಎತ್ತಿಕೊಂಡ್ರೆ ಶಾಕ್ ಹೊಡೆಯುತ್ತೆ. ತಿಂಗಳುಗಟ್ಟಲೆ ಮಾಡಿದ್ರೂ ಸ್ಯಾಮಿ ಅದದೇ ವಸ್ತು ಎತ್ತಿ ಅದೇ ಶಾಕ್ ತಿಂತಾನೆ. ಇನ್ಶೂರೆನ್ಸ್ ಇನ್ವೆಸ್ಟಿಗೇಟರ್ ಆಗಿದ್ದ ಲೆನರ್ಡ್ ಏನು ತೀರ್ಮಾನ ಮಾಡ್ತಾನೆ? ಮೆದುಳಿಗೆ ಪೆಟ್ಟಾದೋರೂ ಮೈಯಿಂದ ಕಲೀತಾರೆ, ಇವನು ಕಲೀತಿಲ್ಲ, ಅಂದ್ರೆ ಇದು ದೈಹಿಕ ಅಲ್ಲ, ಮಾನಸಿಕ, ಪಾಲಿಸಿಯಲ್ಲಿ ಬರಲ್ಲ. ಈ ತೀರ್ಮಾನದಲ್ಲಿ ಕರುಣೆ ಇಲ್ಲ, ತರ್ಕ ಮಾತ್ರ ಸರಿ ಇದೆ. ಕೊನೆಗೆ ಟೆಡ್ಡಿ ಹೇಳ್ತಾನಲ್ಲ, ಸ್ಯಾಮಿ ಬರೀ ಮೋಸಗಾರ, ಅವನಿಗೆ ಹೆಂಡತಿನೇ ಇರ್ಲಿಲ್ಲ ಅಂತ, ಅದು ಇಲ್ಲಿಗೆ ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ಮರೆವಿನ ನಾಟಕ ಆಡೋನಿಗೆ ಕ್ಲಾಪರೆಡ್ ಪಿನ್ ಗೊತ್ತಿರಲ್ಲ. ಎಲ್ಲಾ ಮರೆತೋನು ಶಾಕನ್ನೂ ಮರೀಬೇಕು ಅಂದ್ಕೊಂಡು ಪಾಪ ಪ್ರತಿ ಸಲ ಅದೇ ವಸ್ತು ಎತ್ತುತಾನೆ. ನಿಜವಾಗ್ಲೂ ಮರೆತೋನಾಗಿದ್ರೆ ಕೈ ಹಿಂದಕ್ಕೆ ಹೋಗ್ತಿತ್ತು. ಈ ಒಂದು ವಿವರದಿಂದಾನೇ ನಾನು ಟೆಡ್ಡಿ ಮಾತನ್ನ ನಂಬ್ತೀನಿ.

ಟೆಡ್ಡಿನ ನಂಬಿದ್ರೆ ಮಾತ್ರ ನಿಜವಾದ ತೂತು ತೆರೆದುಕೊಳ್ಳುತ್ತೆ, ಜನ ಇದರ ಬಗ್ಗೆ ಸಾಕಷ್ಟು ಮಾತಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ. ಟೆಡ್ಡಿ ಪ್ರಕಾರ, ದಾಳಿ ಆದ ಆ ರಾತ್ರಿ ಲೆನರ್ಡ್‌ನ ಹೆಂಡತಿ ಸಾಯ್ಲಿಲ್ಲ. ಸಕ್ಕರೆ ಕಾಯಿಲೆ ಇದ್ದಿದ್ದು ಅವಳಿಗೆ, ಗಂಡನ ಮರೆವನ್ನ ಪರೀಕ್ಷೆ ಮಾಡೋಕೆ ಮತ್ತೆ ಮತ್ತೆ ಇನ್ಸುಲಿನ್ ಚುಚ್ಚಿಸ್ಕೊಂಡು ಹೋದೋಳು ಅವಳೇ, ಚುಚ್ಚಿದೋನು ಲೆನರ್ಡ್. ಲೆನರ್ಡ್ ಮಾತ್ರ ಇದೆಲ್ಲ ಸ್ಯಾಮಿಗೂ ಅವನ ಹೆಂಡತಿಗೂ ಆಗಿದ್ದು ಅಂತ ಹೇಳ್ಕೊಂಡು ಬಂದಿದಾನೆ. ಇದು ನಡೆದಿದ್ದು ಏಟು ಬಿದ್ದ ಮೇಲೆ. ಏಟು ಬಿದ್ದ ಮೇಲೆ ನಡೆದಿದ್ದು ಅವನಿಗೆ ನೆನಪಿರೋ ಹಾಗಿಲ್ಲ. ಹಾಗಿದ್ರೆ ಅದನ್ನ ತೆಗೆದು ಸ್ಯಾಮಿ ಕಥೆಗೆ ಸೇರಿಸೋಕೆ ಅವನಿಗೆ ಹೇಗೆ ಸಾಧ್ಯ? ನೆನಪೇ ಇಲ್ಲದ್ದನ್ನ ಯಾರಾದ್ರೂ ಇನ್ನೊಬ್ಬರ ತಲೆಗೆ ಕಟ್ತಾರಾ?

ಹತ್ತು ವರ್ಷದ ಹಿಂದೆ ನಾನು ಇದನ್ನ ನಿರ್ದೇಶಕ ನೋಲನ್ ಮಾಡಿದ ತಪ್ಪು ಅಂತಿದ್ದೆ. ಈಗ ಹಾಗೆ ಅನ್ಸಲ್ಲ. ಅಮೆರಿಕದ ಅಯೋವಾದಲ್ಲಿ 2010ರಲ್ಲಿ ಒಂದು ಅಧ್ಯಯನ ಬಂತು. ಹಿಪೊಕ್ಯಾಂಪಸ್ ಹಾಳಾಗಿದ್ದ ರೋಗಿಗಳಿಗೆ ದುಃಖದ ಸಿನಿಮಾ ತುಣುಕು ತೋರಿಸಿದ್ರು. ಸ್ವಲ್ಪ ಹೊತ್ತಿಗೆ ಏನು ನೋಡಿದ್ವಿ ಅನ್ನೋದು ಅವರಿಗೆ ಸರಿಯಾಗಿ ನೆನಪಿರ್ಲಿಲ್ಲ, ದುಃಖ ಮಾತ್ರ ಹೋಗಿರ್ಲಿಲ್ಲ. ಕಥೆ ಹೋಗುತ್ತೆ, ಕಥೆ ಬಿಟ್ಟು ಹೋದ ಭಾರ ಉಳಿಯುತ್ತೆ. ಅಜ್ಜಿಗೆ ಆ ಕುರ್ಚಿ ಯಾಕೆ ಬೇಡ ಅಂತ ಗೊತ್ತಿರ್ಲಿಲ್ಲ, ಕಾರಣ ಕೇಳಿದ್ರೆ ಗಾಳಿ ಅಂತ ಒಂದು ಕಾರಣ ಹುಡುಕಿ ಕೊಟ್ರು, ಅದು ಸುಳ್ಳು ಅಂತ ಅವರಿಗೂ ಗೊತ್ತಿರ್ಲಿಲ್ಲ. ಲೆನರ್ಡ್‌ನ ಕೈಗಳು ಸಿರಿಂಜ್ ಹಿಡಿದಿದ್ವು. ಏನು ಮಾಡಿದೀನಿ ಅಂತ ಗೊತ್ತಿಲ್ಲದ ಒಂದು ತಪ್ಪಿತಸ್ಥ ಭಾವ ಮೈಯೊಳಗೆ ಕೂತಿದೆ, ಅದಕ್ಕೊಂದು ಕಾರಣ ಬೇಕು. ಹಳೇ ನೆನಪಲ್ಲಿ ಹುಡುಕಿದ್ರೆ ಸಿಗೋದು ಸ್ಯಾಮಿ, ತಾನು ಕ್ಲೇಮ್ ನಿರಾಕರಿಸಿದ ಸ್ಯಾಮಿ. ಭಾರ ಅಲ್ಲಿ ಹೋಗಿ ಕೂತ್ಕೊಳ್ತು.

ಆದ್ರೂ ಇದು ಪೂರ್ತಿ ಮುಚ್ಚಲ್ಲ, ಒಪ್ಕೋತೀನಿ. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ ಮತ್ತೆ ಇಂಜೆಕ್ಷನ್ ಕೇಳೋದು, ಅಷ್ಟು ಸಣ್ಣ ವಿವರ ಬರೀ ಭಾವದಿಂದ ಹುಟ್ಟಲ್ಲ. ಅದನ್ನ ಯಾರೋ ಅವನಿಗೆ ಹೇಳಿರ್ಬೇಕು, ಪೊಲೀಸರೋ ಟೆಡ್ಡಿನೋ, ಅದೂ ಒಂದ್ಸಲ ಅಲ್ಲ. ಹೇಳಿ ಹೇಳಿ ಬಾಯಿಪಾಠ ಆಗಿ, ಯಾರ ಕಥೆ ಅನ್ನೋದು ಉದುರಿಹೋಗಿ ಕಥೆ ಮಾತ್ರ ಉಳಿದಿರ್ಬೇಕು. ತೊಡೆಗೆ ಚಿವುಟಿದ ಹಾಗೆ ಒಂದ್ಸಲ, ಸೂಜಿ ಚುಚ್ಚಿದ ಹಾಗೆ ಒಂದ್ಸಲ, ಅದೇ ದೃಶ್ಯ ಎರಡು ಥರ ಬಂದು ಹೋಗುತ್ತಲ್ಲ, ಅಷ್ಟರ ಮೇಲೆ ನಾನು ಇಷ್ಟೆಲ್ಲ ಕಟ್ತಿದೀನಿ. ಎದೆ ಮೇಲೆ ಕೆಲಸ ಮುಗಿಸಿದೀನಿ ಅನ್ನೋ ಹಚ್ಚೆ ಇಟ್ಕೊಂಡು ಹೆಂಡತಿ ಪಕ್ಕದಲ್ಲಿ ಮಲಗಿರೋ ಆ ಒಂದು ಕ್ಷಣ ಮಾತ್ರ ನೆನಪೂ ಅಲ್ಲ, ತಪ್ಪೂ ಅಲ್ಲ. ಅವಳೂ ಇದ್ದಾಳೆ, ಸೇಡೂ ತೀರಿದೆ. ಅದು ಅವನ ಆಸೆ.

ಟೆಡ್ಡಿ ಯಾಕೆ ಓಡಿ ಹೋಗ್ಲಿಲ್ಲ

ಇದು ಸುಲಭದ್ದು. ಪೊಲೀಸ್ ಆಗಿರೋನು, ಗನ್ ಹಿಡಿದ ಈ ಮನುಷ್ಯನ ಪಕ್ಕದಲ್ಲೇ ಯಾಕೆ ಸುತ್ತಾಡ್ತಾನೆ ಅಂದ್ರೆ, ಜಿಮ್ಮಿಯ ಜಾಗ್ವಾರ್ ಡಿಕ್ಕಿಯಲ್ಲಿ ಎರಡು ಲಕ್ಷ ಡಾಲರ್ ಇದೆ, ಕಾರು ಲೆನರ್ಡ್ ಹತ್ರ ಇದೆ. ಅವನು ಬಟ್ಟೆ ಬದಲಾಯಿಸು, ಊರು ಬಿಡು ಅಂತ ಪೀಡಿಸೋದೆಲ್ಲ ಅದಕ್ಕೇ.

ಕಷ್ಟದ ಪ್ರಶ್ನೆ ಬೇರೆ ಇದೆ, ಅವನು ನಿಜ ಯಾಕೆ ಹೇಳಿದ? ಯೋಚನೆ ಮಾಡಿ, ಈ ಸಿನಿಮಾದಲ್ಲಿ ಎಲ್ಲರೂ ಲೆನರ್ಡ್ ಮುಂದೆ ನಿಜ ಹೇಳ್ತಾರೆ. ನಿನಗೆ ಎರಡೆರಡು ರೂಮ್ ಬಾಡಿಗೆಗೆ ಹಾಕಿದೀವಿ ಅಂತ ಬರ್ಟ್ ಒಪ್ಕೋತಾನೆ. ನಟಾಲಿ ಮುಖಕ್ಕೇ ಹೇಳ್ತಾಳೆ. ಟೆಡ್ಡಿ ಎಲ್ಲಾ ಬಿಚ್ಚಿಡ್ತಾನೆ, ನೀನು ಹುಡುಕ್ತಿರೋ ಕೊಲೆಗಾರ, ಅಸಲಿ ಜಾನ್ ಜಿ.ನ ನೀನು ಒಂದು ವರ್ಷದ ಹಿಂದೆನೇ ಕೊಂದಾಯ್ತು, ಪೊಲೀಸ್ ಫೈಲಿನ 12 ಪುಟ ನೀನೇ ತೆಗೆದೆ ಅಂತ. ಮರೆಯೋ ಮನುಷ್ಯನ ಮುಂದೆ ಮನಸ್ಸು ಹಗುರ ಮಾಡ್ಕೊಳ್ಳೋದು ಸುಲಭ. ನಾನೂ ಅಜ್ಜಿ ಮುಂದೆ ಕೂತು ಬೇರೆ ಯಾರಿಗೂ ಹೇಳದೇ ಇರೋದನ್ನ ಎಷ್ಟೋ ಸಲ ಹೇಳಿದೀನಿ, ಅವರು ತಲೆ ಸವರ್ತಾ ಪೂರ್ತಿ ಕೇಳೋರು, ಮಾರನೇ ದಿನ ಅದು ಎಲ್ಲೂ ಇರ್ತಿರ್ಲಿಲ್ಲ. ಆದ್ರೆ ಕೇಳೋದಕ್ಕೂ ಮರೆಯೋದಕ್ಕೂ ನಡುವೆ ಕೆಲವು ನಿಮಿಷ ಇರುತ್ತೆ. ನಟಾಲಿ ಆ ನಿಮಿಷಗಳಿಗೆ ಹೆದರಿ ಪೆನ್ನೆಲ್ಲ ಎತ್ತಿಟ್ಲು. ಟೆಡ್ಡಿ ಎತ್ತಿಡ್ಲಿಲ್ಲ. ಅಷ್ಟು ದಿನ ಲೆನರ್ಡ್‌ನ ಗೊಂಬೆ ಥರ ಆಡಿಸಿದೋನಿಗೆ, ಗೊಂಬೆಗೂ ಒಂದು ಮನಸ್ಸಿದೆ, ಅದೂ ಸಿಟ್ಟಾಗುತ್ತೆ ಅನ್ನೋದು ಹೊಳೀಲೇ ಇಲ್ಲ. ಅವನ ಪಾತ್ರ ಮುಂಚಿಂದಾನೂ ಹಾಗೇ ಇದೆ, ಹಾಗಾಗಿ ಇದನ್ನೂ ನಾನು ತೂತು ಅನ್ನಲ್ಲ.

ಚೀಟಿ ಬರೆಯೋ ಕೈ

ಒಂದು ಸೀನಲ್ಲಿ ಲೆನರ್ಡ್ ಟೆಡ್ಡಿಗೆ ವಾದ ಮಾಡ್ತಾನೆ. ನೆನಪು ನಂಬೋಕಾಗಲ್ಲ, ಕಣ್ಣಾರೆ ಕಂಡೋರೂ ತಪ್ಪು ಹೇಳ್ತಾರೆ, ನನ್ನ ಹತ್ರ ಇರೋದು ಬರೆದಿಟ್ಟ ಸತ್ಯಗಳು ಅಂತ. ಕಾಲೇಜ್ ದಿನಗಳಲ್ಲಿ ಆ ಮಾತಿಗೆ ನಾನು ಪೂರ್ತಿ ಸೋತಿದ್ದೆ. ಗೋಡೆ ಮೇಲಿನ ಹಾಳೆ ಹುಟ್ಟಿದ್ದೇ ಆ ಸೀನಿಂದ.

ಆಮೇಲೆ ಕೊನೇ ಹತ್ತು ನಿಮಿಷ. ಟೆಡ್ಡಿ ಹೇಳಿದ್ದೆಲ್ಲ ಇನ್ನೂ ತಲೆಯಲ್ಲಿ ಬಿಸಿಯಾಗಿದೆ. ಅವನಿಗೆ ಈಗ ಎಲ್ಲಾ ಗೊತ್ತು, ಇಡೀ ಸಿನಿಮಾದಲ್ಲಿ ಅವನಿಗೆ ಎಲ್ಲಾ ಗೊತ್ತಿರೋದು ಈ ಕೆಲವು ನಿಮಿಷ ಮಾತ್ರ. ಸತ್ತ ಜಿಮ್ಮಿಯ ಫೋಟೋ, ಕೊಂದಾಯ್ತು ಅಂತ ತಾನು ನಗ್ತಾ ಎದೆ ತೋರಿಸ್ತಿರೋ ಫೋಟೋ, ಎರಡನ್ನೂ ಸುಡ್ತಾನೆ. ಟೆಡ್ಡಿ ಫೋಟೋ ಹಿಂದೆ ಇವನ ಸುಳ್ಳುಗಳನ್ನ ನಂಬಬೇಡ ಅಂತ ಬರೀತಾನೆ. ಟೆಡ್ಡಿಯ ಕಾರ್ ನಂಬರ್ ಬರ್ಕೊಂಡು ಹಚ್ಚೆ ಹಾಕಿಸ್ಕೊಳ್ಳೋಕೆ ಹೋಗ್ತಾನೆ. ಅಷ್ಟೂ ಅಕ್ಷರದಲ್ಲಿ ಒಂದೂ ಹಸೀ ಸುಳ್ಳಿಲ್ಲ, ಅದನ್ನ ಗಮನಿಸಿ. ಟೆಡ್ಡಿ ಸುಳ್ಳು ಹೇಳ್ತಾನೆ ಅನ್ನೋದು ನಿಜ, ನಂಬರ್ ಅವನದೇ ಅನ್ನೋದೂ ನಿಜ. ನಾಳೆ ಇದನ್ನ ಓದೋನು ಏನು ಮಾಡ್ತಾನೆ ಅಂತ ಇವತ್ತು ಬರೆಯೋನಿಗೆ ಗೊತ್ತು. ತೂತು ಹುಡುಕೋ ನಾವೆಲ್ಲ ಓದೋ ಲೆನರ್ಡ್ ಮೇಲೇ ಕಣ್ಣಿಟ್ಟಿರ್ತೀವಿ, ಅವನಿಗೆ ಇದು ಹೇಗೆ ಗೊತ್ತು, ಅದು ಹೇಗೆ ನೆನಪಿದೆ ಅಂತ. ಬರೆಯೋ ಲೆನರ್ಡ್‌ನ ಮರೆತುಬಿಡ್ತೀವಿ. ಅವನಿಗೆ ನೆನಪಿನ ತೊಂದರೆ ಇಲ್ಲ, ಆ ಕ್ಷಣಕ್ಕೆ. ಅವನಿಗಿರೋದು ನೋವು ಮತ್ತು ಒಂದು ಪೆನ್ನು.

ನನ್ನ ಹಾಳೆ ಅವನ ಚೀಟಿ ಥರ ಕೇಡು ಬಯಸಿ ಬರೆದಿದ್ದಲ್ಲ. ಆದ್ರೂ ಈಗ ಯೋಚನೆ ಮಾಡಿದ್ರೆ, ಅಜ್ಜಿ ನೆನಪಿಟ್ಕೊಳ್ಳಲಿ ಅನ್ನೋದಕ್ಕಿಂತ ಅಜ್ಜಿ ಕೇಳೋದು ನಿಲ್ಲಿಸ್ಲಿ ಅಂತಾನೇ ನಾನು ಅದನ್ನ ಬರೆದಿದ್ದು. ಆ ಪ್ರಶ್ನೆ ಕೇಳಿಸ್ಕೊಳ್ಳೋಕೆ ನನ್ನಿಂದ ಆಗ್ತಿರ್ಲಿಲ್ಲ, ಅಜ್ಜನನ್ನ ನಾನೂ ಕಳ್ಕೊಂಡಿದ್ದೆ. ಇದು ನನಗೆ ಹೊಳೆದಿದ್ದು ಮೊನ್ನೆ ರಾತ್ರಿ ಎರಡು ಗಂಟೆಗೆ, ತಂಗಿ ಮಲಗಿದ ಮೇಲೆ.

ಮಾರನೇ ದಿನ ದೊಡ್ಡಮ್ಮಂಗೆ ಫೋನ್ ಮಾಡ್ದೆ. ಅದೂ ಇದೂ ಮಾತಾಡಿ, ಕೊನೆಗೆ ಧೈರ್ಯ ಮಾಡಿ ಕೇಳಿದೆ, "ದೊಡ್ಡಮ್ಮ, ಅಜ್ಜಿ ಕುರ್ಚಿ ಎದುರಿಗೆ ನಾನು ಅಂಟಿಸಿದ್ನಲ್ಲ ಹಾಳೆ, ಅದನ್ನ ತೆಗೆದಿದ್ದು ನೀವಾ, ಅಜ್ಜಿನಾ?" ಅಂತ. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

"ಯಾವ ಹಾಳೆನೇ?" ಅಂದ್ರು.